ಮಶಿನ್ ನುಂಗಿದ ಹೆಸರು

ಮಶಿನ್ ತಪ್ಪು ಮಾಡುವುದಿಲ್ಲ ಎಂದು ನಾನು ಹೇಳಿದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ನಗಲಿ ಬಿಡಿ. ಟೈಪಿಂಗ್ ಪರೀಕ್ಷೆಯಲ್ಲಿ ಮೊದಲ ದರ್ಜೆ ತಂದವಳು ನಾನು, ಗುಲಶನ. ಗಾಂಧಿ ಚೌಕದ ಟೈಪಿಂಗ್ ಕ್ಲಾಸಿನಲ್ಲಿ ನನ್ನ ಬೆರಳಿನ ಸದ್ದು ಕೇಳಿ ಕೆಳಗಿನ ಚಹಾದಂಗಡಿಯವನು ಮಳೆ ಬಂತೆಂದು ಬೆಂಚು ಒಳಗೆ ತೆಗೆದಿಟ್ಟಿದ್ದ ಎಂದು ನಮ್ಮ ಮಾಸ್ತರರು ಕಂಡಕಂಡವರಿಗೆ ಹೇಳುತ್ತಿದ್ದರು. ಅದು ಸುಳ್ಳು. ಆದರೆ ನಾನು ಒಮ್ಮೆಯೂ ಅದನ್ನು ಅಲ್ಲಗಳೆಯಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷದ ಮಾತು ಇದು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮ ಬೀಜ ಸಹಕಾರಿ ಸಂಘದ ಆಫೀಸು. ಹಿಂಗಾರಿ ಬಿತ್ತನೆಗೆ ಮುಂಚೆ ಸುತ್ತಲಿನ ಹಳ್ಳಿಗಳ ಸದಸ್ಯರಿಗೆಲ್ಲ ಜೋಳದ ಹೊಸ ತಳಿಯ ಬೀಜ ಹಂಚುವುದು ಸಂಘದ ಕೆಲಸ. ಬೀಜ ಬೇಕೆಂದರೆ ಚೀಟಿ ಬೇಕು. ಚೀಟಿಯ ಮೇಲೆ ಸದಸ್ಯನ ಹೆಸರು, ಅವನ ಅಪ್ಪನ ಹೆಸರು, ಊರು ಇರಬೇಕು. ಚೀಟಿ ತಾರದವನಿಗೆ ಹಿಡಿ ಬೀಜವೂ ಇಲ್ಲ ಎಂಬುದು ನಮ್ಮ ಅಧ್ಯಕ್ಷ ಶಾಂತಪ್ಪ ಗೌಡರ ಹುಕುಂ. ಹಿಂದೊಮ್ಮೆ ಗೋದಾಮಿನ ಬಾಗಿಲಲ್ಲಿ ಮಂದಿ ಬಡಿದಾಡಿಕೊಂಡಿದ್ದರು, ಅದಕ್ಕೇ ಈ ಕಟ್ಟುನಿಟ್ಟು.

ಅಲ್ಲಿಯವರೆಗೆ ಆ ಚೀಟಿಗಳನ್ನೆಲ್ಲ ಗುಮಾಸ್ತ ಅಬ್ದುಲಸಮದ ಚಾಚಾ ಕೈಯಿಂದಲೇ ಬರೆಯುತ್ತಿದ್ದರು. ಅವರ ಅಕ್ಷರ ನೋಡಿದವರು ಚೀಟಿಯನ್ನು ಬಿಸಾಡದೆ ಮನೆಯಲ್ಲಿ ತೂಗು ಹಾಕಿಕೊಂಡದ್ದೂ ಉಂಟು. ಆದರೆ ಸದಸ್ಯರು ಹೆಚ್ಚಾದರು, ಚಾಚಾನ ಕಣ್ಣು ಮಂಜಾದವು. ಆಗ ಗೌಡರು ಸೊಲ್ಲಾಪುರದಿಂದ ಹೆಸರೊತ್ತುವ ಮಶಿನ್ ತರಿಸಿದರು. ಮೇಜಿನ ಮೇಲೆ ಕೂಡುವಂಥದ್ದು, ಹೊಲಿಗೆ ಯಂತ್ರದಷ್ಟು ದೊಡ್ಡದು. ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ಸ್ಟೆನ್ಸಿಲ್ ಕಾರ್ಡು. ಟೈಪ್‌ರೈಟರಿನ ರಿಬ್ಬನ್ ಸರಿಸಿ ಬಡಿದರೆ ಅಕ್ಷರಗಳು ಕಾರ್ಡನ್ನು ಕೊರೆಯುತ್ತವೆ. ಊರಿಗೊಂದು ಟ್ರೇ ಮಾಡಿ ಆ ಕಾರ್ಡುಗಳನ್ನು ಮಶಿನ್ನಿನ ಮೇಲೆ ಪೇರಿಸಿ ಹಿಡಿಕೆ ಎಳೆದರಾಯಿತು. ಒಂದು ಕಾರ್ಡು ಕೆಳಗೆ ಸರಿಯುತ್ತದೆ, ಶಾಯಿಯ ರೋಲರು ಅದರ ಮೇಲೆ ಉರುಳುತ್ತದೆ, ಕೆಳಗಿನ ಚೀಟಿಯ ಮೇಲೆ ಹೆಸರು ಮೂಡುತ್ತದೆ. ಕಾರ್ಡು ಒಮ್ಮೆ ಕೊರೆದರೆ ವರ್ಷವರ್ಷವೂ ಬಂತು.

ಈ ಮಶಿನ್ನಿನ ಸಲುವಾಗಿ ಇಬ್ಬರು ಹೆಣ್ಣುಮಕ್ಕಳನ್ನು ತೆಗೆದುಕೊಂಡರು. ಬಡಿಯುವವಳು ನಾನು. ಸದಸ್ಯರ ಪುಸ್ತಕ ಹಿಡಿದು ಹೆಸರು ಓದಿ ಹೇಳುವವಳು ಅರಕೇರಿಯ ಹುಲಿಗೆವ್ವ. ಏಳನೆಯ ಇಯತ್ತೆ ಪಾಸಾದವಳು, ನನಗಿಂತ ವಯಸ್ಸಿನಲ್ಲಿ ಹಿರಿಯಳು, ಆದರೂ ಮರ್ಯಾದೆಗೆಂದು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ದನಿ ಎಂಥದ್ದೆಂದರೆ ಆಕೆ ಒಳಗೆ ಓದಿದರೆ ರಸ್ತೆಯ ಆಚೆ ಟಾಂಗಾದವನಿಗೆ ಕೇಳಬೇಕು. ಆ ಆಫೀಸಿನಲ್ಲಿ ಅಲ್ಲಿಯವರೆಗೆ ಹೆಣ್ಣುಮಕ್ಕಳು ಕುರ್ಚಿಯ ಮೇಲೆ ಕೂತದ್ದೇ ಇರಲಿಲ್ಲ. ಈ ಬಿತ್ತನೆಯ ಹಂಗಾಮು ದಾಟಿದರೆ ನೌಕರಿ ಕಾಯಂ ಮಾಡುತ್ತೇನೆಂದು ಗೌಡರು ಇಬ್ಬರಿಗೂ ಮಾತು ಕೊಟ್ಟಿದ್ದರು.

ನಾನು ಬೇಗ ಬಡಿಯುತ್ತಿದ್ದೆ. ಬೇಗ ಎಂದರೆ ಎಂಥ ಬೇಗ! ಕಣ್ಣು ಕಾರ್ಡಿನ ಮೇಲೆ, ಕಿವಿ ಹುಲಿಗೆವ್ವನ ಬಾಯಿಯ ಕಡೆ. "ಕನಮಡಿ, ರಸೂಲಸಾಬ, ಅಪ್ಪ ಗುಡುಸಾಬ" ಎಂದು ಆಕೆ ಓದಿ ಮುಗಿಸುವುದರೊಳಗೆ ಕಾರ್ಡು ಹೊರಗೆ. "ಮುಂದಿಂದ ಓದ ಬೇ, ಮುಂದಿಂದ!" ಎಂದು ನಾನು ಅರಚುವುದು, ಆಕೆ ಮುಂದಿನದು ಓದುವುದು. ಚಾಚಾ ಮೂಲೆಯಿಂದ ನೋಡಿ, "ಬೇಟಿ, ಕುದುರಿ ಏರಿ ಹೊಂಟಿ ಏನು?" ಎಂದು ನಗುತ್ತಿದ್ದರು. ನಗೆಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆಂದು ನನ್ನ ಅಂದಾಜು.

ಚೀಟಿಗಳು ಅಚ್ಚಾದವು, ಕಟ್ಟು ಕಟ್ಟಾಗಿ ಬಸ್ಸಿನಲ್ಲಿ ಹಳ್ಳಿಗಳಿಗೆ ಹೋದವು. ಟಿಕೋಟಾದ ಗೋದಾಮಿನಲ್ಲಿ ಹಂಚಿಕೆ ಶುರುವಾಯಿತು. ಶುರುವಾದ ದಿನವೇ ಅಲ್ಲಿನ ಗೋದಾಮು ನೋಡಿಕೊಳ್ಳುವ ಮೌಲಾಸಾಬ ಬಸ್ಸು ಹಿಡಿದು ವಿಜಾಪುರಕ್ಕೆ ಓಡಿ ಬಂದ. ಕನಮಡಿಯಲ್ಲಿ ಕೆಲವರಿಗೆ ಚೀಟಿ ಬಂದಿಲ್ಲ, ಕಳ್ಳಕವಟಗಿಯಲ್ಲಿ ಕೆಲವರಿಗೆ ಬಂದಿಲ್ಲ, ಖುದ್ದು ಟಿಕೋಟಾದಲ್ಲೂ ಬಂದಿಲ್ಲ. ಹೊಲದಲ್ಲಿ ಮಳೆಯ ಹಸಿ ಆರುವ ಮುಂಚೆ ಬೀಜ ಬೀಳಬೇಕು, ಮಂದಿ ಗೋದಾಮಿನ ಮುಂದೆ ಕೂತುಬಿಟ್ಟಿದ್ದಾರೆ.

ಶಾಂತಪ್ಪ ಗೌಡರು ನನ್ನನ್ನು ಕರೆದರು. ಹುಲಿಗೆವ್ವನೂ ಬಾಗಿಲ ಹತ್ತಿರ ಬಂದು ನಿಂತಳು.

"ಏನವಾ ಗುಲಶನ್, ಮಶಿನ್ ತಪ್ಪ ಮಾಡೂದಿಲ್ಲ ಅಂತಿದ್ದೆಲ್ಲ?"

"ಈಗೂ ಅದನ್ನ ಅಂತೇನ್ರಿ, ಗೌಡ್ರ."

"ಹಂಗಾರ ತಪ್ಪ ಯಾರದು? ಐತವಾರ ಬಬಲೇಶ್ವರದಾಗ ಕಡೀ ಹಂಚಿಕಿ ಐತಿ. ಉಳದ ಬೀಜ ಎಲ್ಲಾ ಅಲ್ಲೇ ಐತಿ. ಅಷ್ಟರಾಗ ತಪ್ಪ ಹಿಡೀಬೇಕು, ಚೀಟಿ ಮುಟ್ಟಬೇಕು. ಇಲ್ಲಂದ್ರ ಮಶಿನ್ ಸೊಲ್ಲಾಪುರಕ್ಕ, ನೀವಿಬ್ರು ಮನೀಗೆ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಬೇಡ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಬಂತು. ಆದರೆ ಹೆದರಿಕೆ ಬರಲಿಲ್ಲ. ತಪ್ಪು ಎಂದ ಮೇಲೆ ಅದಕ್ಕೊಂದು ಜಾಗ ಇರಲೇಬೇಕು, ಆ ಜಾಗ ನನ್ನ ಕಣ್ಣು ತಪ್ಪಿಸಿ ಎಲ್ಲಿಗೆ ಹೋದೀತು ಎಂಬ ಧೈರ್ಯ ನನ್ನದು.

ಮೊದಲು ಶಾಯಿಯ ಮೇಲೆ ಅನುಮಾನಪಟ್ಟೆ. ಶಾಯಿ ಹೆಚ್ಚಾಗಿ ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡರೆ ಒಂದು ಹೆಸರು ಮೂಡುತ್ತದೆ, ಇನ್ನೊಂದು ಸದ್ದಿಲ್ಲದೆ ಜಾರಿ ಹೋಗುತ್ತದೆ. ಕನಮಡಿಯ ಟ್ರೇ ಏರಿಸಿ, ರದ್ದಿ ಕಾಗದ ಹಾಕಿ, ಹಿಡಿಕೆಯನ್ನು ನಿಧಾನವಾಗಿ ಎಳೆದೆ. ಒಂದು ಕಾರ್ಡಿಗೆ ಒಂದು ಹೆಸರು, ಒಂದೂ ತಪ್ಪಲಿಲ್ಲ. ಆಮೇಲೆ ಟ್ರೇಗಳು ಅದಲುಬದಲಾಗಿವೆಯೇ, ಕಳ್ಳಕವಟಗಿಯ ಕಾರ್ಡು ಅರಕೇರಿಯ ಟ್ರೇಯಲ್ಲಿ ಕೂತಿದೆಯೇ ಎಂದು ಎಲ್ಲವನ್ನೂ ಸುರುವಿ ನೋಡಿದೆ. ಯಾರೂ ಪರಊರಿಗೆ ಹೋಗಿರಲಿಲ್ಲ. ಟ್ರೇಯ ತುದಿಯ ಕಾರ್ಡುಗಳು ಸಿಕ್ಕಿಬೀಳುತ್ತವೆಯೋ ಎಂದು ಮೊದಲಿನವನ್ನು ನಡುವೆ ಹಾಕಿ, ನಡುವಿನವನ್ನು ಕೊನೆಗೆ ಹಾಕಿ ಎಳೆದೆ. ಮಶಿನ್ ಒಳ್ಳೆಯ ಸೊಸೆಯ ಹಾಗೆ ಕೊಟ್ಟದ್ದನ್ನೆಲ್ಲ ಮಾಡಿತು.

ಹುಲಿಗೆವ್ವ ನನ್ನ ಜೊತೆಗೇ ನಿಂತು ಕಾರ್ಡು ಎತ್ತಿಕೊಡುತ್ತಿದ್ದಳು. ಎಂದಿನ ಮಾತಿಲ್ಲ, ಮುಖದಲ್ಲಿ ಕಳೆಯಿಲ್ಲ.

"ಯಾಕ ಹುಲಿಗೆವ್ವಾ, ಬಾಯಿಗೆ ಬೀಗ ಬಿದ್ದೈತೇನು?"

"ಏನಿಲ್ರಿ ಅಕ್ಕಾರ," ಎಂದಳು.

ನೌಕರಿಯ ಚಿಂತೆ ಇರಬೇಕೆಂದು ಸುಮ್ಮನಾದೆ.

ಮಶಿನ್ನಿನಲ್ಲಿ ತಪ್ಪಿಲ್ಲ, ಟ್ರೇಯಲ್ಲಿ ತಪ್ಪಿಲ್ಲ. ಹಾಗಾದರೆ ತಪ್ಪಿ ಹೋದವರನ್ನೇ ನೋಡಬೇಕು ಎಂದುಕೊಂಡೆ. ಮೌಲಾಸಾಬ ಊರು ಹೇಳಿದ್ದನೇ ಹೊರತು ಯಾರು ಯಾರು ಎಂದು ಹೇಳಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಟಿಕೋಟಾಕ್ಕೆ ಹೋದೆ.

ಗೋದಾಮಿನ ಗೋಡೆಯ ನೆರಳಿನಲ್ಲಿ ಚೀಟಿಯಿಲ್ಲದವರು ಸಾಲಾಗಿ ಕೂತಿದ್ದರು. ಖಾಲಿ ಚೀಲ ಹೆಗಲ ಮೇಲೆ, ಬಾಯಲ್ಲಿ ತಂಬಾಕು. ನನ್ನನ್ನು ಕಂಡು ಒಬ್ಬ ಮುದುಕ, "ಮಶಿನ್ ಬಾಯಿ ಬಂದಳ ನೋಡ್ರೋ," ಎಂದ. ನಾನು ಪೆನ್ಸಿಲ್ ತೆಗೆದು ಅವನ ಮುಂದೆಯೇ ನಿಂತೆ.

"ಊರು?"

"ಕನಮಡಿ."

"ಹೆಸರ?"

"ಸಾಬಣ್ಣ."

ಅವನ ಪಕ್ಕದವನನ್ನು ಕೇಳಿದೆ. ಕಳ್ಳಕವಟಗಿಯವನು.

"ಹೆಸರ?"

"ಸಾಬಣ್ಣ."

"ನಿನ್ನ ಹೆಸರ ಕೇಳಾಕತ್ತೇನಿ, ಅವಂದಲ್ಲ."

"ನಂದ ರೀ. ಸಾಬಣ್ಣ."

ಮೂರನೆಯವನನ್ನು ನೋಡಿದೆ. ಮೀಸೆಯಲ್ಲೇ ನಗುತ್ತಿದ್ದ. "ನಾನೂ ಸಾಬಣ್ಣರಿ," ಎಂದ.

ನನ್ನ ಪಿತ್ತ ನೆತ್ತಿಗೇರಿತು. "ಚಾಷ್ಟಿ ಮಾಡಾಕತ್ತೀರೇನು? ನೌಕರಿ ಹೊಂಟೈತಿ ಅಂತ ಬಿಸಲಾಗ ಬಂದೇನಿ, ನಿಮಗ ನಾಟಕ! ಖರೇ ಹೆಸರ ಹೇಳ್ರಿ!"

"ಯವ್ವಾ, ಖರೇನ ಅದ," ಎಂದ ಮುದುಕ, ತಂಬಾಕು ಉಗುಳಿ. "ದರ್ಗಾಕ್ಕ ಹರಕಿ ಹೊತ್ತ ಹಡದ ಮಕ್ಕಳಿಗೆಲ್ಲಾ ಈ ಸೀಮ್ಯಾಗ ಸಾಬಣ್ಣ ಅಂತನ ಹೆಸರ ಇಡ್ತಾರ. ನಮ್ಮ ಅವ್ವ ಹೊತ್ತಿದ್ದಳು, ಇವನ ಅವ್ವನೂ ಹೊತ್ತಿದ್ದಳು. ಅದಕ್ಕ ನಾವೇನ ಮಾಡೂದು?"

ಗೋಡೆಯ ಆ ತುದಿಯವರೆಗೂ ಹೋದೆ. ಸಾಬಣ್ಣ, ಸಾಬಣ್ಣ, ಸಾಬಣ್ಣ. ಒಬ್ಬನೇ ಒಬ್ಬ ಬೇರೆ ಹೆಸರಿನವನಿದ್ದ, ಅವನೂ ತಮ್ಮನ ಸಲುವಾಗಿ ಬಂದು ಕೂತವನು. ತಮ್ಮನ ಹೆಸರು ಸಾಬಣ್ಣ.

ಸಿಟ್ಟೆಲ್ಲ ಇಳಿದು ಖುಷಿಯಾಯಿತು. ಜಾಗ ಸಿಕ್ಕಿತ್ತು! ಊರು ನೋಡಿ, ಟ್ರೇ ನೋಡಿ, ಶಾಯಿ ನೋಡಿ ಒದ್ದಾಡಿದ್ದೆ, ಹೆಸರು ನೋಡಬೇಕೆಂದು ಹೊಳೆದಿರಲಿಲ್ಲ. ಮಶಿನ್ನಿಗೆ ಯಾವ ಹೆಸರಾದರೇನು, ಎಲ್ಲವೂ ತೂತುಗಳೇ. ಒಂದೇ ಹೆಸರನ್ನು ಆರಿಸಿ ನುಂಗುವಷ್ಟು ಜಾಣತನ ಅದಕ್ಕೆಲ್ಲಿಂದ ಬರಬೇಕು? ಆರಿಸಿದ್ದು ಮನುಷ್ಯರೇ.

ಆಫೀಸಿಗೆ ಬಂದು ಟ್ರೇಗಳನ್ನು ಮತ್ತೆ ಸುರುವಿದೆ. ಒಂದೇ ಒಂದು ಸಾಬಣ್ಣನ ಕಾರ್ಡೂ ಇರಲಿಲ್ಲ. ಕಳೆದು ಹೋಗಿದ್ದಲ್ಲ, ಹುಟ್ಟಿಯೇ ಇರಲಿಲ್ಲ.

"ಚಾಚಾ, ನೀವ ಕೈಲೆ ಬರೀವಾಗ ಸಾಬಣ್ಣರಿಗೆ ಚೀಟಿ ಹೋಗ್ತಿದ್ದಿಲ್ಲೇನ್ರಿ?"

"ಹೋಗದ ಏನು? ಬರದ ಬರದ ಆ ಹೆಸರ ಬ್ಯಾಸರ ಬಂದಿತ್ತು." ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. "ಆದ್ರ ನನಗ ಯಾರೂ ಓದಿ ಹೇಳ್ತಿರಲಿಲ್ಲ ಬೇಟಿ. ನಾನ ನೋಡಿ ನಾನ ಬರೀತಿದ್ದೆ."

ನಾನು ಹುಲಿಗೆವ್ವನ ಕಡೆ ತಿರುಗಿದೆ. ಆಕೆ ಮಶಿನ್ನಿನ ಹಿಂದೆ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು. ಸದಸ್ಯರ ಪುಸ್ತಕ ತೆಗೆದು ಆಕೆಯ ಮುಂದಿಟ್ಟು, "ಕನಮಡಿ ಓದ," ಎಂದೆ.

ಆಕೆ ಓದಿದಳು. ದನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ಒಂದು ಸಾಲಿನ ಹತ್ತಿರ ಬಂದವಳೇ ನಿಂತಳು. ಆ ಹೆಸರಿನ ಮೇಲೆ ಬೆರಳಿಟ್ಟು, ಪುಸ್ತಕವನ್ನು ನನ್ನ ಕಡೆ ಮೆಲ್ಲಗೆ ತಿರುಗಿಸಿ, "ಇದನ್ನ ನೀವ ನೋಡ್ಕೋರಿ ಅಕ್ಕಾರ," ಎಂದಳು.

"ಯಾಕ?"

"ನಮ್ಮ ಮನ್ಯಾಗಿನವರ ಹೆಸರ್ರಿ ಅದು."

ನಾನು ಕುರ್ಚಿಯಲ್ಲಿ ಕುಸಿದು ಕೂತೆ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ಹೆಸರಿನ ಬೇರೆಯವರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನಮ್ಮ ಅಮ್ಮಿ ಇಂದಿಗೂ ನಮ್ಮ ಅಬ್ಬಾನನ್ನು ಗುಲಶನಳ ಅಬ್ಬಾ ಎಂದೇ ಕರೆಯುತ್ತಾಳೆ. ರೇಶನ್ ಅಂಗಡಿಯಲ್ಲಿ ಗಂಡನ ಹೆಸರೇನೆಂದು ಕೇಳಿದರೆ ನನ್ನ ಬೆನ್ನಿಗೆ ತಿವಿಯುತ್ತಾಳೆ, ನಾನು ಹೇಳಬೇಕು. ಹುಟ್ಟಿದಾಗಿನಿಂದ ನೋಡಿದ್ದು, ಅದಕ್ಕೇ ಕಾಣಿಸಲಿಲ್ಲ.

"ಅವತ್ತೂ ಹಿಂಗ ಬೆರಳ ಇಟ್ಟ ಹೇಳಿದ್ನಿರಿ," ಎಂದಳು ಹುಲಿಗೆವ್ವ. "ನೀವ ಮುಂದಿಂದ ಓದ ಅಂದ್ರಿ. ಹಿಂದಿಂದ ನೀವ ನೋಡಿ ಬಡೀತೀರಿ ಅಂತ ತಿಳದಿದ್ದೆ."

"ಮತ್ತ ನಿಮ್ಮ ಮನಿಗೂ ಚೀಟಿ ಬಂದಿಲ್ಲಲ್ಲ! ಆವಾಗರ ಹೇಳಬಾರದೇನು?"

"ಹೆಂಗ ಹೇಳ್ಲಿರಿ? ನೌಕರಿ ಹಚ್ಚಿ ಇನ್ನಾ ತಿಂಗಳ ಒಪ್ಪತ್ತಾಗಿಲ್ಲ, ಸ್ವಂತ ಮನಿ ಚೀಟಿ ಕೇಳಾಕ ಬಂದಳ ಅಂತಾರ." ಆಕೆಯ ಕಣ್ಣು ತುಂಬಿದವು. "ಮನ್ಯಾಗ ಅವರು ಬೈಯಾಕತ್ತಾರ. ಆಫೀಸಿನ್ಯಾಗ ಕುಂತೂ ಗಂಡಗ ಒಂದ ಚೀಟಿ ತರಲಾರದಾಕಿ, ಎದಕ್ಕ ಹೋಗ್ತಿ, ಮನ್ಯಾಗಿರು ಅಂತಾರ."

ತಪ್ಪು ಎಲ್ಲಿದೆಯೆಂದು ಊರೆಲ್ಲ ಹುಡುಕಿದೆ, ನನ್ನ ಮಗ್ಗುಲಲ್ಲಿ ನಿಂತವಳು ಅದನ್ನೇ ಹೊತ್ತುಕೊಂಡು ನರಳುತ್ತಿದ್ದಳು.

ಕಾರ್ಡು ಕೊರೆಯುವುದೇನೂ ದೊಡ್ಡ ಕೆಲಸವಲ್ಲ. ಚಾಚಾ ತಾವಾಗಿಯೇ ಕುರ್ಚಿ ಎಳೆದುಕೊಂಡು ಕೂತು ಸಾಬಣ್ಣರನ್ನೆಲ್ಲ ಓದಿ ಹೇಳಿದರು, ನಾನು ಬಡಿದೆ. ಸಂಜೆಯೊಳಗೆ ಚೀಟಿಗಳು ತಯಾರಾದವು. ಕಟ್ಟು ಹಿಡಿದು ಗೌಡರ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗೆ ನಿಲ್ಲಿಸಿದರು.

"ಶಾಣ್ಯಾಕಿ ಬಿಡವಾ ನೀ. ಮಶಿನ್ ಇರ್ಲಿ, ನೀನೂ ಇರು. ಆಕಿನ್ನ ಕೆಲಸದಿಂದ ಬಿಡಸ್ತೇನಿ."

"ತಪ್ಪ ಆಕಿದಲ್ರಿ ಗೌಡ್ರ. ಆಕಿ ಅವತ್ತ ಹೇಳಿದ್ದಳು, ನಾನ ಕೇಳಲಿಲ್ಲ. ಹೋದ್ರ ಇಬ್ರೂ ಹೋಗ್ತೇವಿ."

"ಹಟ ಮಾಡಬ್ಯಾಡ. ಓದೂ ಕೆಲಸಕ್ಕ ತಗೊಂಡೇವಿ, ಹೆಸರ ಓದಂಗಿಲ್ಲ ಅಂದ್ರ ಹೆಂಗ? ನಾಳೆ ಬಬಲೇಶ್ವರದಾಗ ಮಂದಿ ಮುಂದ ನಿಂತ ಒಂದೊಂದ ಹೆಸರ ಕರೀಬೇಕು. ಅದು ಓದಾಕಿ ಕೆಲಸ. ಕರೀತಾಳೇನು?"

ಗೌಡರ ಮಾತಿನಲ್ಲಿ ನ್ಯಾಯವಿತ್ತು, ಅದೇ ನನಗೆ ಕಷ್ಟವಾಯಿತು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲ ಕಡೆಯಿಂದ ಹುಲಿಗೆವ್ವನ ದನಿ ಬಂತು.

"ಕರೀತೇನ್ರಿ."

ಐತವಾರ ಬಬಲೇಶ್ವರದ ಗೋದಾಮಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಂಡಿಗಳು, ಚೀಲಗಳು, ಕೈಯಲ್ಲಿ ಟ್ರಾನ್ಸಿಸ್ಟರು ಹಿಡಿದವರು. ಸುದ್ದಿ ಆಗಲೇ ಹಬ್ಬಿತ್ತು. ಬೀಜ ಒಯ್ಯುವವರಿಗಿಂತ ಹುಲಿಗೆವ್ವ ಹೆಸರು ಹೇಳುತ್ತಾಳೋ ಇಲ್ಲವೋ ಎಂದು ನೋಡಲು ಬಂದವರೇ ಹೆಚ್ಚು. ಗೌಡರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಹುಲಿಗೆವ್ವ ಚೀಟಿಯ ಕಟ್ಟು ಹಿಡಿದು ನಿಂತಳು. ಗುಂಪಿನ ಹಿಂದೆ, ಬೇವಿನ ಗಿಡದ ಕೆಳಗೆ, ಕೆಂಪು ರುಮಾಲಿನ ಒಬ್ಬ ಮುಖ ಗಂಟಿಕ್ಕಿ ನಿಂತಿದ್ದ. ಆಕೆಯ ಕಣ್ಣು ಅತ್ತ ಹೋಗಿ ಕೆಳಗಿಳಿದದ್ದು ನೋಡಿ ಅವನೇ ಗಂಡನೆಂದು ತಿಳಿದುಕೊಂಡೆ.

ಆಕೆ ಮೊದಲ ಚೀಟಿ ತೆಗೆದಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಆಗ ಆಕೆ ತಲೆಯ ಮೇಲೆ ಸೆರಗು ಸರಿಯಾಗಿ ಹೊದ್ದುಕೊಂಡು, ಮದುವೆ ಮನೆಯಲ್ಲಿ ಹೊಸ್ತಿಲ ಮುಂದೆ ನಿಂತ ಸೊಸೆಯ ಹಾಗೆ ಗಂಟಲು ಸರಿಮಾಡಿಕೊಂಡಳು.

"ಹತ್ತಿ ಹೊಲದಾಗ ಅರಳಿತ ನೋಡ ಹಳದಿ ಹೂವಿನ ಬಣ್ಣ, ಬೀಜ ಒಯ್ಯಾಕ ಮುಂದ ಬರ್ಲಿ ಕನಮಡಿ ಸಾಬಣ್ಣ!"

ಒಡಪು! ನನಗೆ ಎದ್ದು ಕುಣಿಯಬೇಕೆನಿಸಿತು. ಹೀಗೆ ಪ್ರಾಸ ಹೊಂದಿಸಿ ಒಡಪು ಕಟ್ಟಿ ಹೇಳಿದರೆ ಯಾವ ಹೆಂಡತಿಯಾದರೂ ಗಂಡನ ಹೆಸರು ಹೇಳಬಹುದು, ಮದುವೆಯಲ್ಲಿ ಅಡ್ಡಗಟ್ಟಿ ಹೇಳಿಸುವುದೂ ಉಂಟು. ಮಂದಿ ಹೋ ಎಂದು ಕೂಗಿದರು. ಟಿಕೋಟಾದಲ್ಲಿ ಕಂಡ ಆ ಮುದುಕ ಚೀಲ ಕೊಡವಿಕೊಂಡು ಮುಂದೆ ಬಂದ.

"ಅಪ್ಪನ ಹೆಸರ ಹೇಳ್ರಿ," ಎಂದಳು ಹುಲಿಗೆವ್ವ. ಒಂದೇ ಊರಲ್ಲಿ ಇಬ್ಬರು ಮೂವರು ಸಾಬಣ್ಣರಿರುವಾಗ ಅದನ್ನು ಕೇಳಲೇಬೇಕು. ಮುದುಕ ಹೇಳಿದ, ಆಕೆ ಚೀಟಿ ನೋಡಿ ಕೊಟ್ಟಳು.

ಆಮೇಲೆ ಆಕೆಯನ್ನು ಹಿಡಿಯುವವರಿಲ್ಲ. "ಕೌದಿ ಹೊಲ್ಯಾಕ ಸೂಜಿ ಬೇಕು, ದಾರ ಬೇಕು, ಎರಡೂ ಕಣ್ಣ, ಕಳ್ಳಕವಟಗಿ ಚೀಟಿ ಐತಿ, ಬಾರಪ್ಪ ಸಾಬಣ್ಣ!" "ಡೋಣಿ ಹೊಳಿ ದಂಡಿಗೆ ಹಾಸಿ ಬಿದ್ದೈತಿ ಕರೀ ಎರಿ ಮಣ್ಣ, ಹಸಿ ಆರೂದ್ರಾಗ ಬಿತ್ತ ಹೋಗ ಟಿಕೋಟಾ ಸಾಬಣ್ಣ!" ಒಬ್ಬೊಬ್ಬನಿಗೂ ಹೊಸದು ಕಟ್ಟಿದಳು. ಎಲ್ಲಿತ್ತೋ ಇಷ್ಟು ಮಾತು! ಗೌಡರು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಯಾರೋ ಹುಡುಗಾಟದವನು, "ಇಷ್ಟ ಮಂದಿ ಸಾಬಣ್ಣಗ ಒಡಪ ಹೇಳಿದ್ರ ಮನ್ಯಾಗಿನ ಸಾಬಣ್ಣ ಬಿಟ್ಟಾನೇನಬೇ?" ಎಂದು ಕೂಗಿದ. ಎಲ್ಲರೂ ತಿರುಗಿ ಬೇವಿನ ಗಿಡದ ಕಡೆ ನೋಡಿದರು. ಕೆಂಪು ರುಮಾಲಿನವನು ಮುಖ ಆಚೆ ಹೊರಳಿಸಿದ.

ಕಟ್ಟು ಕರಗಿ ಕೊನೆಯ ಚೀಟಿ ಉಳಿಯಿತು. ಅದು ಯಾರದೆಂದು ಎಲ್ಲರಿಗೂ ಗೊತ್ತಿತ್ತು. "ಈಗ ಬರ್ಲಿ ದೊಡ್ಡ ಒಡಪ!" "ಕೇಳ್ರೋ, ಸುಮ್ಮನಿರ್ರಿ!" ಎಂದು ಗದ್ದಲವೆದ್ದಿತು. ಗೌಡರೂ ಕುರ್ಚಿಯ ಅಂಚಿಗೆ ಸರಿದರು.

ಹುಲಿಗೆವ್ವ ಚೀಟಿಯನ್ನು ನೋಡಿದಳು. ಗದ್ದಲ ತಾನಾಗಿ ಅಡಗುವವರೆಗೂ ಕಾದಳು. ಆಮೇಲೆ ರಸ್ತೆ ದಾಟಿ ಕೇಳುವ ತನ್ನ ದನಿಯಲ್ಲಿ ಓದಿದಳು.

"ಅರಕೇರಿ, ಸಾಬಣ್ಣ."

ಬರೀ ಅಷ್ಟೇ. ಒಡಪಿಲ್ಲ, ಸೆರಗು ಸರಿಮಾಡಿಕೊಳ್ಳುವುದೂ ಇಲ್ಲ. ಟ್ರಾನ್ಸಿಸ್ಟರು ಹಿಡಿದವರೂ ಅದನ್ನು ಬಂದ್ ಮಾಡಿದ್ದರು. ಮುಂದಿದ್ದ ಮುದುಕಿಯೊಬ್ಬಳು "ಯವ್ವಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹುಲಿಗೆವ್ವನ ಕುತ್ತಿಗೆಯ ನರ ಬಡಿದುಕೊಳ್ಳುತ್ತಿದ್ದುದು ಪಕ್ಕದಲ್ಲಿ ನಿಂತ ನನಗೆ ಮಾತ್ರ ಕಾಣುತ್ತಿತ್ತು.

ಕೆಂಪು ರುಮಾಲಿನವನು ಗಿಡ ಬಿಟ್ಟು ಹೊರಟ. ಮಂದಿ ದಾರಿ ಬಿಟ್ಟರು. ಹೊರಗೆ ಹೋಗುತ್ತಾನೋ ಮುಂದೆ ಬರುತ್ತಾನೋ ತಿಳಿಯಲಿಲ್ಲ. ಅವನು ಕಟ್ಟೆಯ ಕೆಳಗೆ ಬಂದು ನಿಂತ. ಹೆಂಡತಿಯ ಮುಖ ನೋಡಲಿಲ್ಲ, ಆಕೆಯ ಕೈಯಲ್ಲಿನ ಚೀಟಿ ನೋಡಿದ.

"ಅದೀನ್ರಿ," ಎಂದ.

"ಅಪ್ಪನ ಹೆಸರ ಹೇಳ್ರಿ," ಎಂದಳು ಹುಲಿಗೆವ್ವ, ಎಲ್ಲರಿಗೂ ಕೇಳಿದ ಹಾಗೆಯೇ.

ಅವನು ಒಮ್ಮೆ ಗೌಡರ ಕಡೆ ನೋಡಿದ, ಒಮ್ಮೆ ಮಂದಿಯ ಕಡೆ. ಆಮೇಲೆ ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡು, "ಯಮನಪ್ಪರಿ," ಎಂದ.

ಹುಲಿಗೆವ್ವ ಚೀಟಿಯ ಮೇಲೆ ಬೆರಳಾಡಿಸಿ ನೋಡಿದಳು. "ಬರೋಬ್ಬರಿ ಐತಿ," ಎಂದು ಕೈಚಾಚಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ಶಾಂತಪ್ಪ ಗೌಡರು ಕುರ್ಚಿಯಿಂದ ತಾವೇ ಎದ್ದು, ಬಬಲೇಶ್ವರದವರ ಚೀಟಿಗಳ ಕಟ್ಟು ಬಿಚ್ಚಿ, "ಇವನ್ನೂ ನೀನ ಕರಿಯವಾ," ಎಂದು ಹುಲಿಗೆವ್ವನ ಕೈಗೆ ಕೊಟ್ಟರು.